ಬಿಪಿ ಇದ್ದವರಿಗೆ ಉಪ್ಪು ಬೇಡ ಅಂದರು, ಈಗ ಉಪ್ಪು ತಿನ್ನಿಸಿ ಅಂತಾರೆ: ಅವ್ವನ ಸೋಡಿಯಂ ಯಾಕೆ ಇಳಿಯಿತು?

ಪ್ರಶ್ನೆ: ನಮ್ಮ ತವರು ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಹಳ್ಳಿ. ನಾನು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದೇನೆ. ಅವ್ವನಿಗೆ 66 ವರ್ಷ, ತೂಕ 46 ಕೆಜಿ. ಹತ್ತು ವರ್ಷದಿಂದ ಬಿಪಿ ಇದೆ. ಮಾರ್ಚ್‌ನಲ್ಲಿ ಬಿಪಿ ಏರಿದೆ ಅಂತ ಡಾಕ್ಟರು ಮಾತ್ರೆ ಬದಲಿಸಿದರು, ಉಪ್ಪು ಕಡಿಮೆ ಮಾಡಿ ಅಂದರು. ಅವ್ವ ಪೂರ್ತಿ ಬಿಟ್ಟೇಬಿಟ್ಟಳು. ಸಾರು, ಪಲ್ಯ ಎಲ್ಲ ಸಪ್ಪೆ. ರುಚಿ ಇಲ್ಲ ಅಂತ ಊಟವೂ ಅರ್ಧಕ್ಕೆ ಇಳಿಯಿತು. ಬಿಸಿಲು ನೋಡಿ ನಾನೇ ದಿನಾ ಫೋನ್ ಮಾಡಿ, ‘ನೀರು ಕುಡಿ, ನಾಲ್ಕೈದು ಲೀಟರ್ ಕುಡಿ’ ಅನ್ನುತ್ತಿದ್ದೆ. ಏಪ್ರಿಲ್‌ನಲ್ಲಿ ಸುಸ್ತು, ತಲೆನೋವು, ಓಕರಿಕೆ ಶುರುವಾಯಿತು. ಬಿಸಿಲಿಗೆ ಹೀಗಾಗಿದೆ ಅಂತ ಇನ್ನಷ್ಟು ನೀರು, ಎಳನೀರು ಕೊಟ್ಟರು. ಮೂರನೇ ದಿನ ನನ್ನ ತಮ್ಮನ ಹೆಸರೇ ಮರೆತಳು, ನಡೆಯುವಾಗ ತೂರಾಡಿದಳು. ಲಕ್ವಾ ಹೊಡೆದಿದೆ ಅಂತ ಹೆದರಿ ಗದಗಿಗೆ ಕರೆದುಕೊಂಡು ಹೋದರು. ತಲೆಯ ಸ್ಕ್ಯಾನ್ ಸರಿ ಇತ್ತು. ಸೋಡಿಯಂ 116 ಬಂತು. ಐದು ದಿನ ಇಟ್ಟುಕೊಂಡು, 134 ಆದ ಮೇಲೆ ಕಳಿಸಿದರು.

ಈಗ ದಿನಕ್ಕೆ ಒಂದೇ ಲೀಟರ್ ನೀರು, ಊಟದಲ್ಲಿ ಉಪ್ಪು ಇರಲಿ ಅಂದಿದ್ದಾರೆ. ಉಪ್ಪು ಕೊಟ್ಟರೆ ಬಿಪಿ ಏರುವುದಿಲ್ಲವೇ? ಈ ಬಿಸಿಲಲ್ಲಿ ಒಂದು ಲೀಟರ್ ಸಾಕೇ? ಉಪ್ಪೇ ಕಡಿಮೆ ಇದ್ದರೆ ಒಂದೇ ದಿನದಲ್ಲಿ ಏರಿಸದೆ ಐದು ದಿನ ಯಾಕೆ ಎಳೆದರು? ಊರಲ್ಲಿ ಕೆಲವರು ಫಿಲ್ಟರ್ ನೀರಿನಿಂದ ಹೀಗಾಯಿತು, ಸೈಂಧವ ಲವಣ ಕೊಡಿ ಅಂತಾರೆ. ನಿಜವೇ? ಹಳೆಯ ಮಾತ್ರೆ ಚೀಟಿಯ ಫೋಟೋ ಕಳಿಸಿದ್ದೇನೆ. ಕೊನೆಯದಾಗಿ, ನಾನೇ ನೀರು ಕುಡಿಸಿ ಅವ್ವನನ್ನು ಈ ಸ್ಥಿತಿಗೆ ತಂದೆನಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಎಲ್ಲದಕ್ಕಿಂತ ಅದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸುತ್ತದೆ. ಇಲ್ಲ, ನಿಮ್ಮ ಒಂದು ಮಾತಿನಿಂದ ಅವ್ವ ಆಸ್ಪತ್ರೆ ಸೇರಲಿಲ್ಲ. ಕಿಡ್ನಿ ಚೆನ್ನಾಗಿದ್ದು, ಹೊಟ್ಟೆ ತುಂಬ ಉಣ್ಣುವ ಮನುಷ್ಯ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಐದು ಲೀಟರ್ ಕುಡಿದರೂ ಅದು ಮೂತ್ರವಾಗಿ ಹೋಗಿಬಿಡುತ್ತದೆ. ನಿಮ್ಮ ಅವ್ವನಲ್ಲಿ ನೀರು ಹೊರಗೆ ಹೋಗುವ ದಾರಿಯೇ ಮುಚ್ಚಿಕೊಂಡಿತ್ತು. ಅದು ಯಾಕೆ ಮುಚ್ಚಿತು ಅಂತ ಗೊತ್ತಾದರೆ ಉಪ್ಪಿನ ಪ್ರಶ್ನೆ, ನೀರಿನ ಪ್ರಶ್ನೆ ಎರಡೂ ಸುಲಭವಾಗುತ್ತವೆ.

ಹುಬ್ಬಳ್ಳಿಯಲ್ಲಿ ನಾನು ಫಿಸಿಶಿಯನ್ ಆಗಿ 20 ವರ್ಷ ದಾಟಿದೆ. ಯುಗಾದಿ ಮುಗಿದ ಮೇಲೆ ಮಳೆ ಹಿಡಿಯುವ ತನಕ ಇಂಥ ರೋಗಿಗಳು ಬರುತ್ತಲೇ ಇರುತ್ತಾರೆ. ಹೆಚ್ಚಿನವರು ವಯಸ್ಸಾದ, ತೆಳ್ಳಗಿನ ಹೆಣ್ಣುಮಕ್ಕಳು. ಮನೆಯವರು ಲಕ್ವಾ ಅಂತ ಕರೆತರುತ್ತಾರೆ, ಮರೆವಿನ ರೋಗ ಅಂತ ಕರೆತರುತ್ತಾರೆ. ಗಾಳಿ ಸೋಕಿದೆ ಅಂತ ನಾಲ್ಕು ದಿನ ಎಲ್ಲೆಲ್ಲೋ ಸುತ್ತಾಡಿಸಿ ಆಮೇಲೆ ಬಂದವರೂ ಇದ್ದಾರೆ. ನೀವು ಮೂರನೇ ದಿನ ಆಸ್ಪತ್ರೆಗೆ ಹೋದಿರಿ, ಅಲ್ಲಿ ರಕ್ತ ಪರೀಕ್ಷೆ ಆಯಿತು. ಅದೇ ದೊಡ್ಡ ವಿಷಯ.

ಈಗ 116ರ ಅರ್ಥ ನೋಡೋಣ. ಸೋಡಿಯಂ ಅಂದರೆ ನಾವು ತಿನ್ನುವ ಉಪ್ಪಿನಲ್ಲಿರುವ ಒಂದು ಅಂಶ. ಒಲೆಯ ಮೇಲಿನ ಸಾರು ಸಪ್ಪೆಯಾಗಿದೆ ಅಂದರೆ ಎರಡು ಕಾರಣ ಇರಬಹುದು. ಉಪ್ಪು ಕಡಿಮೆ ಬಿದ್ದಿರಬೇಕು, ಇಲ್ಲವೇ ನೀರು ಜಾಸ್ತಿ ಬಿದ್ದಿರಬೇಕು. ನಾಲಿಗೆಗೆ ಎರಡೂ ಒಂದೇ ಥರ. ಸೋಡಿಯಂ ರಿಪೋರ್ಟ್ ಕೂಡ ಆ ನಾಲಿಗೆಯ ಹಾಗೆ. ಒಂದು ಲೀಟರ್ ರಕ್ತದ ನೀರಿನಲ್ಲಿ ಸೋಡಿಯಂ ಎಷ್ಟಿದೆ ಅಂತ ಮಾತ್ರ ಅದು ಹೇಳುತ್ತದೆ. 135ರಿಂದ 145ರ ನಡುವೆ ಇದ್ದರೆ ಸರಿ. ಇಡೀ ದೇಹದಲ್ಲಿ ಒಟ್ಟು ಉಪ್ಪು ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಹೃದಯ ಸೋತು ಕಾಲು ಬಾತುಕೊಂಡವರನ್ನು ನೋಡಿ. ಅವರ ಮೈಯಲ್ಲಿ ಉಪ್ಪು ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೂ ಎಷ್ಟೋ ಜನರ ರಿಪೋರ್ಟಿನಲ್ಲಿ ಸೋಡಿಯಂ 125 ಬರುತ್ತದೆ, ಯಾಕೆಂದರೆ ನೀರು ಅದಕ್ಕಿಂತ ಜಾಸ್ತಿ ತುಂಬಿಕೊಂಡಿರುತ್ತದೆ. ಅವರಿಗೆ ‘ಉಪ್ಪು ಕಡಿಮೆಯಾಗಿದೆ’ ಅಂತ ಉಪ್ಪು ತಿನ್ನಿಸಿದರೆ ಉಸಿರಾಟವೇ ಕಷ್ಟವಾಗುತ್ತದೆ. ಅದಕ್ಕೇ ನಾನು ಮನೆಯವರಿಗೆ ಹೇಳುವುದು, ಸೋಡಿಯಂ ಕಡಿಮೆ ಅಂತ ಕಂಡಾಗ ಮೊದಲು ನೀರಿನ ಲೆಕ್ಕ ಕೇಳಿ ಅಂತ.

ಈ ನೀರಿನ ಲೆಕ್ಕವನ್ನು ದೇಹ ಹೇಗೆ ಇಡುತ್ತದೆ ಅನ್ನುವುದು ನನಗೆ ಇಷ್ಟು ವರ್ಷವಾದರೂ ಬೆರಗು ಹುಟ್ಟಿಸುವ ವಿಷಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದೇಹದ ಒಳಗಿನ ಸ್ಥಿತಿಯನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳುವ ಈ ಗುಣಕ್ಕೆ ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಹೋಮಿಯೋಸ್ಟೇಸಿಸ್ ಅಂತ ಹೆಸರಿಟ್ಟರು. ನೀರಿನ ವಿಷಯದಲ್ಲಿ ದೇಹ ಎರಡು ಬೇರೆ ಬೇರೆ ಹದ ನೋಡುತ್ತದೆ. ಒಂದು, ರಕ್ತ ಎಷ್ಟು ಉಪ್ಪಾಗಿದೆ ಅಥವಾ ಸಪ್ಪೆಯಾಗಿದೆ. ಇನ್ನೊಂದು, ರಕ್ತನಾಳಗಳಲ್ಲಿ ಒಟ್ಟು ಎಷ್ಟು ತುಂಬಿದೆ.

ಮೊದಲನೆಯದನ್ನು ಕಾಯುವುದು ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್. ರಕ್ತ ಶೇ. 1ರಿಂದ 2ರಷ್ಟು ಗಟ್ಟಿಯಾದರೂ ಅದಕ್ಕೆ ಗೊತ್ತಾಗುತ್ತದೆ. ತಕ್ಷಣ ಎರಡು ಕೆಲಸ ಮಾಡುತ್ತದೆ. ನಮಗೆ ಬಾಯಾರಿಕೆ ತರಿಸುತ್ತದೆ. ಜೊತೆಗೆ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು, ಮೂತ್ರದಲ್ಲಿ ನೀರು ಬಿಡಬೇಡ, ವಾಪಸ್ ಎಳೆದುಕೋ ಅಂತ ಕಿಡ್ನಿಗೆ ಹೇಳಿ ಕಳಿಸುತ್ತದೆ. ನೀರು ಕುಡಿದು ರಕ್ತ ತೆಳುವಾದರೆ ಆ ಹಾರ್ಮೋನು ನಿಲ್ಲುತ್ತದೆ, ತಿಳಿ ಬಣ್ಣದ ಮೂತ್ರ ಧಾರಾಳವಾಗಿ ಹೋಗುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಒಂದೂವರೆ, ಎರಡು ಲೀಟರ್ ಮಾತ್ರ ಹೊರಗೆ ಹೋಗುತ್ತದೆ, ಉಳಿದದ್ದೆಲ್ಲ ವಾಪಸ್. ಆ ವಾಪಸಾತಿಯ ಕೊನೆಯ ಭಾಗವನ್ನು ಹೆಚ್ಚು ಕಡಿಮೆ ಮಾಡುವುದು ಈ ಹಾರ್ಮೋನು.

ಎರಡನೆಯದನ್ನು, ಅಂದರೆ ಒಟ್ಟು ಎಷ್ಟು ತುಂಬಿದೆ ಅನ್ನುವುದನ್ನು, ಕುತ್ತಿಗೆಯ ದೊಡ್ಡ ರಕ್ತನಾಳ, ಹೃದಯ ಮತ್ತು ಕಿಡ್ನಿಯಲ್ಲಿರುವ ಒತ್ತಡದ ಕಣ್ಣುಗಳು ನೋಡುತ್ತವೆ. ಒತ್ತಡ ಇಳಿದರೆ ಕಿಡ್ನಿ ರೆನಿನ್ ಅನ್ನುವ ರಸ ಬಿಡುತ್ತದೆ. ಅಲ್ಲಿಂದ ಶುರುವಾದ ಸರಪಳಿ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನಿನ ತನಕ ಹೋಗಿ, ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಪಿ ಏರಿಳಿತದ ಕಥೆ ಬಹಳಷ್ಟು ಇಲ್ಲೇ ಇದೆ. ಉಪ್ಪು ತಿಂದರೆ ಬಿಪಿ ಏರುತ್ತದೆ ಅನ್ನುವುದೂ ಈ ಎರಡನೇ ಲೆಕ್ಕಕ್ಕೆ ಸೇರಿದ್ದು. ಸೋಡಿಯಂ 116 ಅನ್ನುವುದು ಮೊದಲನೇ ಲೆಕ್ಕದ್ದು. ನಿಮಗೆ ಡಾಕ್ಟರ ಎರಡು ಮಾತು ಒಂದಕ್ಕೊಂದು ವಿರುದ್ಧ ಅನ್ನಿಸಿದ್ದು ಈ ಎರಡೂ ಲೆಕ್ಕ ಒಂದೇ ಅಂತ ತಿಳಿದದ್ದರಿಂದ. ತಿಳಿಯುವುದು ಸಹಜ, ಅಲ್ವಾ? ಎರಡರಲ್ಲೂ ಉಪ್ಪಿನ ಮಾತೇ ಬರುತ್ತದೆ.

ಇನ್ನೊಂದು ಮುಖ್ಯ ವಿಷಯ. ಈ ಎರಡು ಲೆಕ್ಕ ಒಂದಕ್ಕೊಂದು ಅಡ್ಡ ಬಂದಾಗ ದೇಹ ಎರಡನೆಯದರ ಕಡೆ ವಾಲುತ್ತದೆ. ರಕ್ತನಾಳ ಖಾಲಿಯಾದರೆ ಜೀವ ಬೇಗ ಹೋಗುತ್ತದೆ. ರಕ್ತ ಸಪ್ಪೆಯಾದರೆ ಸ್ವಲ್ಪ ಕಾಲವಾದರೂ ಸಿಗುತ್ತದೆ. ಅದಕ್ಕೇ ಮೈಯಲ್ಲಿ ಉಪ್ಪು, ನೀರು ಎರಡೂ ಕಡಿಮೆಯಾದಾಗ, ರಕ್ತ ಸಪ್ಪೆಯಾದರೂ ಪರವಾಗಿಲ್ಲ ಅಂತ ದೇಹ ಸಿಕ್ಕ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಈಗ ನಿಮ್ಮ ಅವ್ವನ ಮಾರ್ಚ್, ಏಪ್ರಿಲ್ ತಿಂಗಳನ್ನು ನೋಡೋಣ.

ಚೀಟಿಯಲ್ಲಿ ಇರುವುದು ಟೆಲ್ಮಿಸಾರ್ಟನ್ ಜೊತೆಗೆ ಹೈಡ್ರೋಕ್ಲೋರೋಥಿಯಾಜೈಡ್ ಸೇರಿದ ಮಾತ್ರೆ. ಈ ಎರಡನೆಯದು ಥಿಯಾಜೈಡ್ ಗುಂಪಿನ ಔಷಧ. ಇದು ಕೆಟ್ಟ ಔಷಧ ಅಂತ ನಾನು ಹೇಳುತ್ತಿಲ್ಲ. 1950ರ ದಶಕದ ಕೊನೆಯಿಂದ ಬಳಕೆಯಲ್ಲಿದೆ, ಅಗ್ಗ, ಲಕ್ವಾ ಆಗದಂತೆ ಎಷ್ಟೋ ಜನರನ್ನು ಕಾಪಾಡಿದೆ. ನಾನೂ ಬರೆದುಕೊಡುತ್ತೇನೆ. ಆದರೆ ಅದು ಕೆಲಸ ಮಾಡುವ ಜಾಗ ಕಿಡ್ನಿಯೊಳಗೆ ಮೂತ್ರವನ್ನು ತೆಳು ಮಾಡುವ ಜಾಗ. ಅಲ್ಲಿ ಕಿಡ್ನಿ ಉಪ್ಪನ್ನು ಮಾತ್ರ ಒಳಗೆ ಎಳೆದುಕೊಂಡು ನೀರನ್ನು ಹೊರಗೆ ಬಿಡುತ್ತದೆ. ಥಿಯಾಜೈಡ್ ಆ ಕೆಲಸಕ್ಕೆ ತಡೆ ಹಾಕುತ್ತದೆ. ಉಪ್ಪು ಹೊರಗೆ ಹೋಗುತ್ತದೆ, ನೀರನ್ನು ಬೇರೆ ಮಾಡಿ ಹೊರಹಾಕುವುದು ಕಷ್ಟವಾಗುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆ ಆಗುವುದಿಲ್ಲ. ತೊಂದರೆ ಆಗುವವರು ಹೆಚ್ಚಾಗಿ ವಯಸ್ಸಾದ, ತೂಕ ಕಡಿಮೆ ಇರುವ ಹೆಂಗಸರು. ಅದೂ ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ. ನಿಮ್ಮ ಪತ್ರ ಓದುವಾಗ ‘ಮಾತ್ರೆ ಬದಲಿಸಿದರು’ ಅನ್ನುವಲ್ಲೇ ನನ್ನ ಕಣ್ಣು ನಿಂತಿತು.

ಎರಡನೇ ಕಾರಣ ಊಟ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಿಡ್ನಿಗೆ ಬರೀ ನೀರನ್ನು ಹೊರಹಾಕಲು ಬರುವುದಿಲ್ಲ. ಪ್ರತಿ ಲೀಟರ್ ಮೂತ್ರದ ಜೊತೆ ಒಂದಿಷ್ಟು ಉಪ್ಪು, ಒಂದಿಷ್ಟು ಯೂರಿಯಾ ಕಳಿಸಲೇಬೇಕು. ಯೂರಿಯಾ ಬರುವುದು ಬೇಳೆ, ಕಾಳು, ಹಾಲು, ಮೊಟ್ಟೆ, ಶೇಂಗಾ ಇವುಗಳ ಪ್ರೋಟೀನಿನಿಂದ. ನೀರು ಬಂಡಿ ಅಂತ ಇಟ್ಟುಕೊಂಡರೆ ಇವು ಎತ್ತುಗಳು. ಅವ್ವ ಉಪ್ಪು ಬಿಟ್ಟರು, ಊಟ ಅರ್ಧ ಮಾಡಿದರು. ಎತ್ತುಗಳು ಕಡಿಮೆಯಾದವು, ಬಂಡಿಗಳು ಹೆಚ್ಚಾದವು. ಚಹಾ, ಗಂಜಿ, ಬಿಸ್ಕತ್ತಿನ ಮೇಲೆ ದಿನ ತಳ್ಳುವ ಎಷ್ಟೋ ಒಂಟಿ ಹಿರಿಯರಲ್ಲಿ ಯಾವ ಮಾತ್ರೆಯೂ ಇಲ್ಲದೆ ಸೋಡಿಯಂ ಇಳಿದದ್ದನ್ನು ನಾನು ನೋಡಿದ್ದೇನೆ.

ಮೂರನೆಯದು ಓಕರಿಕೆ. ವಾಕರಿಕೆ, ನೋವು, ಮೈಗೆ ಆಗುವ ದೊಡ್ಡ ತ್ರಾಸು, ಇವೆಲ್ಲ ವ್ಯಾಸೊಪ್ರೆಸಿನ್ ಏರಿಸುತ್ತವೆ. ರಕ್ತ ಆಗಲೇ ಸಪ್ಪೆಯಾಗಿದೆ, ಹಾರ್ಮೋನು ನಿಲ್ಲಬೇಕಿತ್ತು. ಆದರೆ ಓಕರಿಕೆ ಇರುವ ತನಕ ಅದು ನಿಲ್ಲುವುದಿಲ್ಲ. ಸೋಡಿಯಂ ಇಳಿದದ್ದರಿಂದ ಓಕರಿಕೆ, ಓಕರಿಕೆಯಿಂದ ಮತ್ತೆ ನೀರು ಉಳಿಯುವುದು. ಗಾಣದ ಸುತ್ತ ಸುತ್ತಿದ ಹಾಗೆ. ಅದೇ ಹೊತ್ತಿಗೆ ಸುಸ್ತು ನೋಡಿ ಮನೆಯವರು ಇನ್ನಷ್ಟು ನೀರು ಕೊಟ್ಟರು.

ಅವ್ವನ ತೂಕ 46 ಕೆಜಿ. ಈ ವಯಸ್ಸಿನ ಹೆಂಗಸಿನ ದೇಹದಲ್ಲಿ ಸುಮಾರು ಅರ್ಧ ಭಾಗ ನೀರು ಅಂತ ಹಿಡಿಯಿರಿ, 23 ಲೀಟರ್. ಸೋಡಿಯಂ 140 ಇದ್ದ ಆ ದೇಹದಲ್ಲಿ ಮೂರು ಲೀಟರ್ ನೀರು ಹೊರಗೆ ಹೋಗದೆ ಉಳಿದರೆ 124ಕ್ಕೆ ಬಂದು ನಿಲ್ಲುತ್ತದೆ. ಜೊತೆಗೆ ಮಾತ್ರೆ ಉಪ್ಪನ್ನೂ ಹೊರಗೆ ಕಳಿಸುತ್ತಿತ್ತು, ತಾಟಿನಿಂದ ಅದನ್ನು ತುಂಬಿಕೊಡುವವರು ಇರಲಿಲ್ಲ. 116 ತಲುಪಲು ಇನ್ನೇನು ಬೇಕು? ನಾಲ್ಕು ಕಾರಣ ಒಂದೇ ತಿಂಗಳಲ್ಲಿ ಕೂಡಿಬಂದವು. ಅದರಲ್ಲಿ ನಿಮ್ಮ ಫೋನಿನ ಮಾತು ಒಂದು, ಅಷ್ಟೇ. ಅದೂ ಅಕ್ಕರೆಯಿಂದ ಆಡಿದ ಮಾತು.

ಇನ್ನು ತಮ್ಮನ ಹೆಸರು ಮರೆತದ್ದು. ರಕ್ತ ಸಪ್ಪೆಯಾದರೆ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ, ಅವು ಊದಿಕೊಳ್ಳುತ್ತವೆ. ಕೈ, ಕಾಲಿನಲ್ಲಿ ಊದಿದರೆ ಜಾಗ ಇದೆ. ತಲೆಬುರುಡೆಯೊಳಗೆ ಜಾಗ ಎಲ್ಲಿದೆ? ತಲೆನೋವು, ಓಕರಿಕೆ, ತೂರಾಟ, ಗೊಂದಲ, ಕೊನೆಗೆ ಫಿಟ್ಸ್. ಅದಕ್ಕೇ ಅದು ಲಕ್ವಾದ ಹಾಗೆ ಕಾಣುತ್ತದೆ. ಮನೆಯಲ್ಲಿ ಕುಳಿತು ಎರಡರ ನಡುವಿನ ವ್ಯತ್ಯಾಸ ಹೇಳಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಇಂಥದ್ದು ಕಂಡಾಗ ಲಕ್ವಾ ಅಂತಲೇ ತಿಳಿದು ಓಡುವುದು ಸರಿ. ನೀವು ಮಾಡಿದ್ದು ಅದನ್ನೇ.

ಆದರೆ ಮೆದುಳು ಸುಮ್ನೆ ಊದಿಕೊಂಡು ಕೂರುವುದಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ತನ್ನ ಜೀವಕೋಶಗಳೊಳಗಿನ ಪೊಟ್ಯಾಸಿಯಂ ಮತ್ತು ಬೇರೆ ಕೆಲವು ವಸ್ತುಗಳನ್ನು ಹೊರಗೆ ತಳ್ಳಿ, ಒಳಗೂ ಸಪ್ಪೆ ಮಾಡಿಕೊಂಡು, ಊತ ಇಳಿಸಿಕೊಳ್ಳುತ್ತದೆ. ಹೊಸ ಹದಕ್ಕೆ ಹೊಂದಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಾವು ಅವಸರ ಮಾಡಿ ಒಂದೇ ದಿನದಲ್ಲಿ 116ರಿಂದ 134ಕ್ಕೆ ಏರಿಸಿದರೆ ಏನಾಗುತ್ತದೆ? ಹೊರಗೆ ದಿಢೀರನೆ ಉಪ್ಪಾಗುತ್ತದೆ, ಮೆದುಳಿನ ಕೋಶಗಳಿಂದ ನೀರು ಹೊರಗೆ ಹೀರಿಕೊಳ್ಳುತ್ತದೆ, ನರಗಳ ಮೇಲಿನ ಹೊದಿಕೆ ಕಳಚುತ್ತದೆ. ಅದು ಕಾಣಿಸುವುದೂ ತಕ್ಷಣ ಅಲ್ಲ, ಕೆಲವು ದಿನ ಬಿಟ್ಟು. ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೈಕಾಲು ಸೋಲುತ್ತವೆ. ಕೆಲವರಿಗೆ ಅದು ಹಾಗೇ ಉಳಿದುಬಿಡುತ್ತದೆ.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಆಸ್ಪತ್ರೆಯಲ್ಲಿ ಅಂಥ ಒಬ್ಬ ತಾಯಿಯನ್ನು ನೋಡಿದೆ. ಬಂದಾಗ ಸೋಡಿಯಂ 108. ಬೇಗ ಹುಷಾರಾಗಲಿ ಅಂತ ಸಲೈನ್ ಜೋರಾಗಿ ಹೋಯಿತು. ಮರುದಿನ ಎದ್ದು ಕೂತು ಮೊಮ್ಮಗನ ಜೊತೆ ಮಾತಾಡಿದರು, ನಾವೆಲ್ಲ ಖುಷಿಪಟ್ಟೆವು. ನಾಲ್ಕನೇ ದಿನ ಅವರಿಗೆ ನೀರು ನುಂಗಲು ಆಗಲಿಲ್ಲ. ಆ ಮುಖ ನನಗೆ ಇವತ್ತಿಗೂ ನೆನಪಿದೆ. ನಾವು ಈಗ 24 ಗಂಟೆಗೆ 8ರಿಂದ 10 ಅಂಕಕ್ಕಿಂತ ಜಾಸ್ತಿ ಏರದಂತೆ ಕಾಯುತ್ತೇವೆ. ಊಟ ಸರಿ ಇಲ್ಲದವರು, ಪೊಟ್ಯಾಸಿಯಂ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರಿಗೆ 8ನ್ನೇ ಗಡಿ ಮಾಡುತ್ತೇವೆ. ಫಿಟ್ಸ್ ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಮಾತ್ರ ಶೇ. 3ರ ಗಟ್ಟಿ ಸಲೈನನ್ನು ಸ್ವಲ್ಪ ಸ್ವಲ್ಪ ಕೊಟ್ಟು ನಾಲ್ಕೈದು ಅಂಕ ಬೇಗ ಏರಿಸುತ್ತೇವೆ, ಆಮೇಲೆ ಮತ್ತೆ ನಿಧಾನ. ಹಾಗಾಗಿ ನಿಮ್ಮ ಅವ್ವನನ್ನು ಐದು ದಿನ ಇಟ್ಟುಕೊಂಡವರು ಎಳೆದದ್ದಲ್ಲ. ದಿನಕ್ಕೆ ಎರಡು ಮೂರು ಸಲ ರಕ್ತ ತೆಗೆದು ನೋಡಿ, ಬಿಗಿ ಹಿಡಿದು ಏರಿಸಿದ್ದಾರೆ. ಒಳ್ಳೆಯ ಕೆಲಸ ಮಾಡಿದ್ದಾರೆ.

ಉಪ್ಪಿನ ಪ್ರಶ್ನೆಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಅಂದರೆ ಒಂದು ಚಹಾ ಚಮಚದಷ್ಟು. ಬಿಪಿ ಇರುವವರಿಗೆ ಕಡಿಮೆ ಮಾಡಿ ಅನ್ನುವುದು ಈ ಮಟ್ಟಕ್ಕೆ ಇಳಿಸಿ ಅಂತ, ಸೊನ್ನೆ ಮಾಡಿ ಅಂತ ಅಲ್ಲ. ನಮ್ಮ ಕಡೆ ‘ಕಡಿಮೆ ಮಾಡಿ’ ಅಂದರೆ ಕೆಲವರು ಏನೂ ಬದಲಿಸುವುದಿಲ್ಲ, ಕೆಲವರು ನಿಮ್ಮ ಅವ್ವನ ಹಾಗೆ ವ್ರತ ಹಿಡಿದಂತೆ ಬಿಟ್ಟುಬಿಡುತ್ತಾರೆ. ನಾವು ಡಾಕ್ಟರುಗಳು ಚಮಚದ ಲೆಕ್ಕ ಹೇಳಿದರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಈಗ ಅವ್ವನಿಗೆ ಮನೆಯವರೆಲ್ಲರ ಸಾರು, ಪಲ್ಯವನ್ನೇ ಕೊಡಿ, ಹದವಾಗಿ ಉಪ್ಪು ಹಾಕಿದ್ದು. ರೊಟ್ಟಿಗೆ ಉಪ್ಪು ಬೇಕಿಲ್ಲ. ತಾಟಿನಲ್ಲಿ ಮೇಲಿಂದ ಉದುರಿಸಿಕೊಳ್ಳುವುದು ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ರುಚಿಗೆ ಒಂದು ಚೂರು ಇರಲಿ, ದಿನಾ ಬೇಡ. ಇಷ್ಟರಿಂದ ಬಿಪಿ ಹಾರಿಬಿಡುವುದಿಲ್ಲ. ನೀರಿಗೆ ಚಮಚಗಟ್ಟಲೆ ಉಪ್ಪು ಕಲಸಿ ಕುಡಿಸುವುದನ್ನು ಮಾತ್ರ ಮಾಡಬೇಡಿ. ಹಾಗೆ ಮಾಡಿದರೆ ನಿಜವಾಗಿಯೂ ಬಿಪಿ ಏರುತ್ತದೆ. ಉಪ್ಪಿಗಿಂತ ನನಗೆ ಮುಖ್ಯ ಅನ್ನಿಸುವುದು ಊಟ. ಬೇಳೆ, ಮಡಕಿಕಾಳು, ಶೇಂಗಾ ಚಟ್ನಿ, ಮೊಸರು, ಹಾಲು, ತಿನ್ನುವವರಾದರೆ ಮೊಟ್ಟೆ. ಎತ್ತುಗಳು ವಾಪಸ್ ಬರಲಿ.

ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡ್, ಮನೆಯ ಉಪ್ಪಿನ ಹಾಗೆಯೇ. ಬಿಪಿಗೆ ಅದು ಒಳ್ಳೆಯದೂ ಅಲ್ಲ, ಸೋಡಿಯಂಗೆ ವಿಶೇಷ ಔಷಧವೂ ಅಲ್ಲ. ಮನೆಯ ಉಪ್ಪಿನಲ್ಲಿ ಸೇರಿಸುವ ಅಯೋಡಿನ್ ಅದರಲ್ಲಿ ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನ ಬಗ್ಗೆ ಮಾತ್ರ ಎಚ್ಚರಿಕೆ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡಬಹುದು. ಡಾಕ್ಟರನ್ನು ಕೇಳದೆ ತರಬೇಡಿ.

ಫಿಲ್ಟರ್ ನೀರಿನ ಮಾತು ನಿಮ್ಮ ಭಾಗದಲ್ಲಿ ಜಾಸ್ತಿ ಕೇಳಿಬರುತ್ತದೆ, ಯಾಕೆಂದರೆ ಬೋರಿನ ಸವಳು ನೀರು ಬಿಟ್ಟು ಎಲ್ಲರೂ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ತರುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ನೀರಿನಲ್ಲಿ 200 ಮಿಲಿಗ್ರಾಂ ಸೋಡಿಯಂ ಇದ್ದರೆ ನಾಲಿಗೆಗೆ ರುಚಿ ವ್ಯತ್ಯಾಸ ಗೊತ್ತಾಗಲು ಶುರುವಾಗುತ್ತದೆ. ಅಂಥ ನೀರು ಎರಡು ಲೀಟರ್ ಕುಡಿದರೂ ಸಿಗುವುದು 400 ಮಿಲಿಗ್ರಾಂ ಸೋಡಿಯಂ, ಅಂದರೆ ಸುಮಾರು ಒಂದು ಗ್ರಾಂ ಉಪ್ಪು. ಅಷ್ಟು ಸಾರಿನಿಂದಲೇ ಬರುತ್ತದೆ. ಫಿಲ್ಟರ್ ನೀರು ಬಿಟ್ಟು ಬೋರಿನ ನೀರಿಗೆ ವಾಪಸ್ ಹೋಗಬೇಡಿ. ಗದಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಹಲ್ಲು, ಮೂಳೆ ಹಾಳು ಮಾಡುವ ಆ ತೊಂದರೆ ಇದಕ್ಕಿಂತ ದೊಡ್ಡದು.

ನೀರು ಎಷ್ಟು? ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ದಿನಕ್ಕೆ ಎಂಟು ಗ್ಲಾಸ್ ಅನ್ನುವ ಮಾತಿಗೆ ಮೂಲ ಅಂತ ಹಲವರು ತೋರಿಸುವುದು 1945ರ ಅಮೆರಿಕದ ಒಂದು ಸಲಹೆ. ದೊಡ್ಡವರಿಗೆ ಎರಡೂವರೆ ಲೀಟರ್ ನೀರು ಬೇಕು ಅಂತ ಅದರಲ್ಲಿತ್ತು. ಅದರ ಬಹುಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಅಲ್ಲೇ ಮುಂದೆ ಇತ್ತು. ಜನ ಮೊದಲ ಸಾಲನ್ನು ಮಾತ್ರ ನೆನಪಿಟ್ಟುಕೊಂಡರು. ಅನ್ನ, ಸಾರು, ನುಚ್ಚು, ಮಜ್ಜಿಗೆ, ಕಲ್ಲಂಗಡಿ ಎಲ್ಲದರಲ್ಲೂ ನೀರೇ ಇದೆ.

ಅವ್ವನಿಗೆ ಹೇಳಿದ ಒಂದು ಲೀಟರ್ ಈ ಕೆಲವು ದಿನಗಳ ಮಟ್ಟಿಗೆ. ಮಾತ್ರೆಯ ಪರಿಣಾಮ ಪೂರ್ತಿ ಇಳಿದು, ಊಟ ಸರಿಯಾಗಿ, ಸೋಡಿಯಂ 135ರ ಮೇಲೆ ನಿಂತರೆ ಡಾಕ್ಟರೇ ಸಡಿಲ ಮಾಡುತ್ತಾರೆ. ಆಮೇಲೆ ಮನೆಯೊಳಗೆ ಇರುವ ಅವ್ವನಿಗೆ ಬೇಸಿಗೆಯಲ್ಲಿ ಕುಡಿಯುವುದೆಲ್ಲ ಸೇರಿ ಒಂದೂವರೆ ಲೀಟರ್ ಆಸುಪಾಸು ಸಾಕಾಗಬಹುದು. ಈಗಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಚಹಾ, ಮಜ್ಜಿಗೆ, ಎಳನೀರು ಎಲ್ಲ ಸೇರುತ್ತವೆ. ಮನೆಯ ಚರಗಿ, ಲೋಟ ಎಷ್ಟು ಹಿಡಿಯುತ್ತವೆ ಅಂತ ಒಂದು ಸಲ ಅಳೆದು ನೋಡಿ. ಬೆಳಿಗ್ಗೆ ಒಂದು ಲೀಟರ್ ಬಾಟಲಿ ತುಂಬಿ ಇಟ್ಟು, ಚಹಾ ಕುಡಿದರೆ ಅಷ್ಟನ್ನು ಬಾಟಲಿಯಿಂದ ತೆಗೆದುಬಿಡುವುದು ನನ್ನ ರೋಗಿಗಳಿಗೆ ಸುಲಭ ಅನ್ನಿಸಿದೆ.

ಇದರಲ್ಲೂ ಅಪಾಯ ಇಲ್ಲದಿಲ್ಲ. ವಯಸ್ಸಾದವರಿಗೆ ಬಾಯಾರಿಕೆ ಮಂದವಾಗಿರುತ್ತದೆ. 38 ಡಿಗ್ರಿ ಬಿಸಿಲಲ್ಲಿ ಅವ್ವ ಹೊಲಕ್ಕೆ ಹೋಗಿ ಬೆವರಿ, ಒಂದೇ ಲೀಟರ್ ಕುಡಿದರೆ ಈಗ ಆ ಕಡೆಗೆ ಬೀಳುತ್ತಾರೆ. ಮೂತ್ರ ಕಡು ಬಣ್ಣವಾಗುವುದು, ನಾಲಿಗೆ ಒಣಗುವುದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಇವು ನೀರು ಕಡಿಮೆಯಾದ ಗುರುತು. ಹಾಗಾಗಿ ಈ ನಿಯಮ ಇರುವ ತನಕ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಅವರು ನೆರಳಲ್ಲಿರಬೇಕು. ತೂಕದ ಯಂತ್ರ ಸಿಕ್ಕರೆ ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ ತೂಕ ನೋಡಿ ಬರೆದಿಡಿ. ಒಂದೆರಡು ದಿನದಲ್ಲಿ ಒಂದು ಕೆಜಿ ಏರಿದರೆ ಅದು ಕೊಬ್ಬಲ್ಲ, ಒಂದು ಲೀಟರ್ ನೀರು. ಇಳಿದರೂ ಹಾಗೆಯೇ.

ನಿಮ್ಮ ತಮ್ಮನಿಗೆ ಈ ನಿಯಮ ಬೇಡ. ಹೊಲದಲ್ಲಿ ದುಡಿಯುವವರು ಗಂಟೆಗೆ ಒಂದು ಲೀಟರಿನ ತನಕ ಬೆವರಬಹುದು, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಅವರು ಬಾಯಾರಿದಷ್ಟೂ ಕುಡಿಯಲಿ, ನಡುವೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ಹೊಲಕ್ಕೆ ಬುತ್ತಿಯ ಜೊತೆ ಮಜ್ಜಿಗೆ ಒಯ್ಯುವ ನಮ್ಮ ರೂಢಿಯಲ್ಲಿ ನೀರು, ಉಪ್ಪು, ಪ್ರೋಟೀನ್ ಮೂರೂ ಒಟ್ಟಿಗೆ ಹೋಗುತ್ತವೆ.

ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಸೋಡಿಯಂ ಏರಿಸಲು ಅದು ಉಪಯೋಗಕ್ಕೆ ಬರುವುದಿಲ್ಲ. ವಾಂತಿ, ಭೇದಿ ಆದರೆ ಬರೀ ನೀರಾಗಲಿ ಎಳನೀರಾಗಲಿ ಅಲ್ಲ, ಓಆರ್‌ಎಸ್ ಕೊಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ. ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ. ಪೊಟ್ಟಣದ ಮೇಲೆ ಬರೆದಿರುತ್ತದೆ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಅಲ್ಲ. ಅಂಥವುಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಬಾರದು ಅಂತ 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ.

ಇನ್ನು ಬಿಪಿ. ಥಿಯಾಜೈಡ್ ನಿಂತಿದೆ ಅಂತ ಅವ್ವನ ಈಗಿನ ಡಾಕ್ಟರ ಹತ್ತಿರ ಖಚಿತ ಮಾಡಿಕೊಳ್ಳಿ. ಅದರ ಬದಲು ಟೆಲ್ಮಿಸಾರ್ಟನ್ ಒಂದನ್ನೇ ಕೊಡಬಹುದು, ಆಗ ರಕ್ತದಲ್ಲಿ ಪೊಟ್ಯಾಸಿಯಂ, ಮತ್ತು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡುತ್ತಿರಬೇಕು. ಅಮ್ಲೋಡಿಪಿನ್ ಕೊಡಬಹುದು, ಸೋಡಿಯಂಗೆ ಅದು ತೊಂದರೆ ಕೊಡುವುದಿಲ್ಲ, ಆದರೆ ಕೆಲವರಿಗೆ ಪಾದ ಬಾತುಕೊಳ್ಳುತ್ತದೆ. ಹೆದರಿ ಬಿಪಿ ಮಾತ್ರೆಯನ್ನೇ ಪೂರ್ತಿ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆಗ ನಿಜವಾದ ಲಕ್ವಾ ಬರಬಹುದು.

ಮಾತ್ರೆ ನಿಲ್ಲಿಸಿದ ಒಂದು ವಾರಕ್ಕೆ, ಆಮೇಲೆ ಎರಡು ಮೂರು ವಾರಕ್ಕೆ ಸೋಡಿಯಂ ಮತ್ತೆ ನೋಡಿಸಿ. ಆಗಲೂ ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಥೈರಾಯ್ಡ್, ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್, ಮೂತ್ರದ ಸೋಡಿಯಂ, ಎದೆಯ ಎಕ್ಸ್‌ರೇ. ಟಿಬಿಯಂಥ ಶ್ವಾಸಕೋಶದ ರೋಗಗಳೂ ಸೋಡಿಯಂ ಇಳಿಸುತ್ತವೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಇಳಿಸಬಹುದು. ಮೊಣಕಾಲು ನೋವಿಗೆ ಅಂತ ಅಂಗಡಿಯಿಂದ ತರುವ ನೋವಿನ ಮಾತ್ರೆ ಕಿಡ್ನಿ ನೀರು ಹೊರಹಾಕುವುದನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಅವ್ವ ಅಂಥದ್ದು ನುಂಗುತ್ತಿದ್ದರಾ ಅಂತ ಮೆಲ್ಲಗೆ ಕೇಳಿ ನೋಡಿ. ನಮಗೆ ಹೇಳದೆ ತೆಗೆದುಕೊಳ್ಳುವವರು ಬಹಳ.

ತಲೆನೋವು ಜೊತೆ ಓಕರಿಕೆ, ಮಾತಿನಲ್ಲಿ ಗೊಂದಲ, ಅತಿಯಾದ ನಿದ್ದೆ, ತೂರಾಟ, ಫಿಟ್ಸ್ ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ನೀರಾಗಲಿ ಉಪ್ಪಾಗಲಿ ಕೊಡುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಕೊನೆಗೆ ಒಂದು ಕೆಲಸ ಇವತ್ತೇ ಮಾಡಿ. ಅವ್ವನ ಆಸ್ಪತ್ರೆ ಫೈಲಿನ ಹೊರಗೆ ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಥಿಯಾಜೈಡ್ ಮಾತ್ರೆಯಿಂದ ಸೋಡಿಯಂ 116ಕ್ಕೆ ಇಳಿದಿತ್ತು, ಮತ್ತೆ ಕೊಡಬೇಡಿ.’ ಒಂದು ಸಲ ಹೀಗಾದವರಿಗೆ ಅದೇ ಮಾತ್ರೆ ಮತ್ತೆ ಶುರು ಮಾಡಿದರೆ ಕೆಲವೇ ದಿನಗಳಲ್ಲಿ ಸೋಡಿಯಂ ಮತ್ತೆ ಇಳಿಯಬಹುದು. ಎರಡು ವರ್ಷ ಬಿಟ್ಟು ಬೇರೆ ಊರಿನಲ್ಲಿ, ಬೇರೆ ಡಾಕ್ಟರ ಮುಂದೆ ಅವ್ವ ಒಬ್ಬರೇ ಕುಳಿತಾಗ ಅವರಿಗೆ ಮಾತ್ರೆಯ ಹೆಸರು ನೆನಪಿರುವುದಿಲ್ಲ. ಅದೇ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಅವರ ಎಲೆ ಅಡಿಕೆ ಚೀಲದಲ್ಲೂ ಇಟ್ಟುಬಿಡಿ.